ನೋಡ್‌ನಲ್ಲಿ ಫೈಲ್ ರಿನೇಮ್ ಆಗ್ತಿಲ್ವಾ? ಮೊದಲು ಎರರ್ ಪೂರ್ತಿ ಓದಿ

ಲ್ಯಾಪ್‌ಟಾಪ್‌ನಲ್ಲಿ ಎರಡು ತಿಂಗಳು ಒಂದು ತಕರಾರೂ ಇಲ್ಲದೆ ಓಡಿದ ಅಪ್‌ಲೋಡ್ ಕೋಡ್, ಸರ್ವರ್‌ಗೆ ಹಾಕಿದ ದಿನ ಸಂಜೆಯೇ ಕೈಕೊಟ್ಟಿತು. ಕೆಲಸ ತುಂಬಾ ಸರಳ. ಬಳಕೆದಾರರು ಫೈಲ್ ಕಳಿಸುತ್ತಾರೆ, ಅದು ತಾತ್ಕಾಲಿಕ ಫೋಲ್ಡರ್‌ಗೆ ಬಂದು ಬೀಳುತ್ತದೆ, ಅಲ್ಲಿಂದ ಅಪ್‌ಲೋಡ್ಸ್ ಫೋಲ್ಡರ್‌ಗೆ ಹೋಗಬೇಕು. ಹೋಗಲಿಲ್ಲ. ಎರರ್‌ನಲ್ಲಿ 'ನಾಟ್ ಪರ್ಮಿಟೆಡ್' ಅನ್ನುವ ಎರಡು ಪದ ಕಂಡಿದ್ದೇ ತಡ, ಎಲ್ಲ ಫೋಲ್ಡರ್‌ಗೂ 777 ಪರ್ಮಿಷನ್, ಅಂದರೆ ಯಾರು ಏನು ಬೇಕಾದರೂ ಮಾಡಬಹುದು ಅನ್ನುವ ಅನುಮತಿ, ಕೊಟ್ಟುಬಿಟ್ಟೆ. ಏನೂ ಆಗಲಿಲ್ಲ. ಸರ್ವರ್ ರೀಸ್ಟಾರ್ಟ್ ಮಾಡಿದೆ. ಆಗಲೂ ಇಲ್ಲ. ರಾತ್ರಿ ಹತ್ತೂವರೆಗೆ ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಲ್ಲಿ ಬರೆದಿದ್ದು 'ಕ್ರಾಸ್-ಡಿವೈಸ್ ಲಿಂಕ್ ನಾಟ್ ಪರ್ಮಿಟೆಡ್'. ಪರ್ಮಿಷನ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆ ಸಂಜೆ ನನ್ನ ಹತ್ತಿರ ಇರಬೇಕಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನೋಡ್ ಡಾಟ್ ಜೆಎಸ್‌ನ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ, ಚಿಕ್ಕದಾಗಿ ನೋಡ್) ಫೈಲ್ ಕೆಲಸ ನೋಡಿಕೊಳ್ಳುವ ಎಫ್‌ಎಸ್ ಮಾಡ್ಯೂಲ್ ಬಳಸಿ ಫೈಲ್ ಹೆಸರು ಬದಲಾಯಿಸುವಾಗ, ಜಾಗ ಬದಲಾಯಿಸುವಾಗ ಏನೇನು ಕೆಡುತ್ತದೆ, ಯಾವ ಕ್ರಮದಲ್ಲಿ ಹುಡುಕಬೇಕು ಅಂತ.

ಮೊದಲು ಇದೊಂದು ತಿಳಿದುಕೊಳ್ಳಿ

ಎಫ್‌ಎಸ್ ಡಾಟ್ ರಿನೇಮ್ ಫೈಲನ್ನು ಎಲ್ಲಿಗೂ ಹೊತ್ತುಕೊಂಡು ಹೋಗುವುದಿಲ್ಲ. ಊರ ಕಡೆ ಜಮೀನಿನ ಖಾತೆ ಬದಲಾವಣೆ ನೋಡಿರುತ್ತೀರಲ್ವಾ? ಜಮೀನು ಇದ್ದಲ್ಲೇ ಇರುತ್ತದೆ, ಒಂದು ಹಿಡಿ ಮಣ್ಣೂ ಅಲುಗುವುದಿಲ್ಲ. ರಿಜಿಸ್ಟರ್‌ನಲ್ಲಿ ಒಂದು ಸಾಲು ಹೊಡೆದು ಇನ್ನೊಂದು ಸಾಲು ಬರೆಯುತ್ತಾರೆ, ಅಷ್ಟೇ. ರಿನೇಮ್ ಕೂಡ ಅದೇ. ಫೋಲ್ಡರ್ ಅಂದರೆ ರಿಜಿಸ್ಟರ್. ಫೈಲಿನೊಳಗಿನ ಡೇಟಾ ಅಂದರೆ ಜಮೀನು. ಅದಕ್ಕೇ 4 ಜಿಬಿ ವಿಡಿಯೊ ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಫೋಲ್ಡರ್‌ಗೆ ಹೋಗಿಬಿಡುತ್ತದೆ.

ಮುಂದೆ ಬರುವ ಎರರ್‌ಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಿಂದಲೇ ಅರ್ಥವಾಗುತ್ತವೆ.

ಹಂತ 1: ಎರರ್ ಆಬ್ಜೆಕ್ಟನ್ನು ಇಡಿಯಾಗಿ ಪ್ರಿಂಟ್ ಮಾಡಿ

ಎಷ್ಟೋ ಕೋಡ್‌ಗಳಲ್ಲಿ ಎರರ್ ಹಿಡಿಯುವ ಕ್ಯಾಚ್ ಭಾಗದ ಒಳಗೆ 'ಫೈಲ್ ಮೂವ್ ಆಗಲಿಲ್ಲ' ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡಿರುತ್ತಾರೆ. ಹಾಗೆ ಮಾಡಬೇಡಿ. ಎರರ್ ಆಬ್ಜೆಕ್ಟ್ ಒಳಗೆ ನಾಲ್ಕು ವಿಷಯ ಇರುತ್ತವೆ. ಕೋಡ್, ಸಿಸ್‌ಕಾಲ್, ಪಾತ್, ಡೆಸ್ಟ್. ಏನಾಯಿತು, ಯಾವ ಕೆಲಸ ಮಾಡುವಾಗ ಆಯಿತು, ಎಲ್ಲಿಂದ, ಎಲ್ಲಿಗೆ. ನಾಲ್ಕನ್ನೂ ಲಾಗ್‌ಗೆ ಬರೆಯಿರಿ. ಪಾತ್ ಮತ್ತು ಡೆಸ್ಟ್ ಎರಡನ್ನೂ ಜೇಸನ್ ಸ್ಟ್ರಿಂಗಿಫೈ ಮಾಡಿ ಬರೆದರೆ ಇನ್ನೂ ಒಳ್ಳೆಯದು, ಹೆಸರಿನ ಕೊನೆಯಲ್ಲಿ ಸುಮ್ನೆ ಅಂಟಿಕೊಂಡಿರುವ ಸ್ಪೇಸ್ ಅಥವಾ ಹೊಸ ಸಾಲಿನ ಗುರುತು ಆಗ ಕಣ್ಣಿಗೆ ಬೀಳುತ್ತದೆ.

ಎರ್‌ನೋ ಅಂತ ಒಂದು ಸಂಖ್ಯೆಯೂ ಬರುತ್ತದೆ. ಅದನ್ನು ನೆಚ್ಚಿಕೊಂಡು ಇಫ್ ಕಂಡಿಷನ್ ಬರೆಯಬೇಡಿ. 'ಫೈಲ್ ಇಲ್ಲ' ಅನ್ನುವ ಅದೇ ಎರರ್ ಲಿನಕ್ಸ್‌ನಲ್ಲಿ -2, ವಿಂಡೋಸ್‌ನಲ್ಲಿ -4058. ಎರರ್ ಆಬ್ಜೆಕ್ಟ್‌ನ ಕೋಡ್ ಮಾತ್ರ ಎರಡೂ ಕಡೆ ಒಂದೇ.

ಎರರ್ ಬರ್ತಾನೇ ಇಲ್ಲ, ಆದರೆ ಫೈಲೂ ಹೋಗಿಲ್ಲ ಅಂದರೆ? ಆಗ ಅವೇಟ್ (ಕೆಲಸ ಮುಗಿಯುವ ತನಕ ಕಾಯಿ ಅನ್ನುವ ಪದ) ಮರೆತಿದ್ದೀರಾ ನೋಡಿ. ಫಾರ್‌ಈಚ್ ಒಳಗೆ ಅಸಿಂಕ್ ಫಂಕ್ಷನ್ ಹಾಕಿ ಅವೇಟ್ ಬರೆದವರು ಬಹಳ ಜನ. ಫಾರ್‌ಈಚ್ ಯಾರಿಗೂ ಕಾಯುವುದಿಲ್ಲ, ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಫಾರ್-ಆಫ್ ಲೂಪ್ ಬಳಸಿ. ಹಳೆಯ ನೋಡ್‌ನಲ್ಲಿ ಕಾಲ್‌ಬ್ಯಾಕ್ (ಕೆಲಸ ಮುಗಿದಾಗ ಓಡಬೇಕಾದ ಫಂಕ್ಷನ್) ಕೊಡದೆ ರಿನೇಮ್ ಕರೆದರೂ ನಡೆಯುತ್ತಿತ್ತು. ನೋಡ್ 10ರಿಂದ ಅದು ನೇರವಾಗಿ ಟೈಪ್ ಎರರ್. ಯಾರೂ ಹಿಡಿಯದ ಪ್ರಾಮಿಸ್ ರಿಜೆಕ್ಷನ್ (ಅಸಿಂಕ್ ಕೆಲಸ ಸೋತಾಗ ಬರುವ ಎರರ್) ನೋಡ್ 15ರಿಂದ ಇಡೀ ಪ್ರೊಸೆಸನ್ನೇ ಬೀಳಿಸುತ್ತದೆ. ಕಿರಿಕಿರಿ ಹೌದು, ಆದರೆ ಸದ್ದಿಲ್ಲದೆ ಫೈಲ್ ಕಳೆದುಹೋಗುವುದಕ್ಕಿಂತ ಇದು ವಾಸಿ.

ಹಂತ 2: ಇ-ನೋ-ಎಂಟ್ ಬಂದರೆ ಎರಡೂ ಕಡೆ ನೋಡಿ

ಇ, ಎನ್, ಒ, ಇ, ಎನ್, ಟಿ. 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'. ಇದನ್ನು ಕಂಡ ಕೂಡಲೇ ಎಲ್ಲರೂ ಮೂಲ ಫೈಲನ್ನು ಹುಡುಕಲು ಶುರು ಮಾಡುತ್ತಾರೆ. ಅದು ಅಲ್ಲೇ ಇರುತ್ತದೆ. ಆಗ ತಲೆ ಕೆಡುತ್ತದೆ. ಗುರಿ ಫೋಲ್ಡರ್ ಇಲ್ಲದಿದ್ದರೂ ಇದೇ ಎರರ್ ಬರುತ್ತದೆ ಅನ್ನುವುದು ಹೊಳೆಯುವುದಿಲ್ಲ. ರಿಜಿಸ್ಟರೇ ಇಲ್ಲದಿದ್ದರೆ ಸಾಲು ಬರೆಯುವುದು ಎಲ್ಲಿ? ರಿನೇಮ್ ಮಾಡುವ ಮುಂಚೆ ಪಾತ್ ಡಾಟ್ ಡಿರ್‌ನೇಮ್‌ನಿಂದ ಗುರಿ ಫೋಲ್ಡರ್ ಹೆಸರು ತೆಗೆದು, ಫೋಲ್ಡರ್ ಮಾಡುವ ಎಂಕೆಡಿರ್ ಕರೆದು, ರಿಕರ್ಸಿವ್ ಟ್ರೂ ಅಂತ ಕೊಡಿ. ಈ ಆಯ್ಕೆ ನೋಡ್ 10.12ರಿಂದ ಇದೆ. ಫೋಲ್ಡರ್ ಮೊದಲೇ ಇದ್ದರೂ ಗಲಾಟೆ ಮಾಡುವುದಿಲ್ಲ.

ಎರಡನೆಯ ಕಾರಣ ರಿಲೇಟಿವ್ ಪಾತ್. 'ಡಾಟ್ ಸ್ಲ್ಯಾಶ್ ಅಪ್‌ಲೋಡ್ಸ್' ಅಂತ ಬರೆದರೆ ನೋಡ್ ಅದನ್ನು ನಿಮ್ಮ ಜೆಎಸ್ ಫೈಲ್ ಇರುವ ಜಾಗದಿಂದ ಲೆಕ್ಕ ಹಾಕುವುದಿಲ್ಲ, ಪ್ರೊಸೆಸ್ ಎಲ್ಲಿ ನಿಂತು ಶುರುವಾಯಿತೋ ಅಲ್ಲಿಂದ ಲೆಕ್ಕ ಹಾಕುತ್ತದೆ. ನೀವು ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ನಿಂತು ಓಡಿಸಿದರೆ ಸರಿಯಾಗಿರುತ್ತದೆ. ಅದನ್ನೇ ಸಿಸ್ಟಮ್‌ಡಿ ಸರ್ವಿಸ್ (ಲಿನಕ್ಸ್ ತಾನೇ ಹಿನ್ನೆಲೆಯಲ್ಲಿ ಓಡಿಸುವ ಕೆಲಸ) ಮಾಡಿ, ವರ್ಕಿಂಗ್ ಡೈರೆಕ್ಟರಿ ಹೇಳದೆ ಬಿಟ್ಟರೆ ಅದು ರೂಟ್‌ನಿಂದ, ಅಂದರೆ ಒಂಟಿ ಸ್ಲ್ಯಾಶ್‌ನಿಂದ ಶುರುವಾಗುತ್ತದೆ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಆದರೆ ಬಳಕೆದಾರರ ಹೋಮ್ ಫೋಲ್ಡರ್‌ನಿಂದ. ಕಾಮನ್‌ಜೆಎಸ್‌ನಲ್ಲಿ ಡಿರ್‌ನೇಮ್ ವೇರಿಯೇಬಲ್, ಇಎಸ್ ಮಾಡ್ಯೂಲ್‌ನಲ್ಲಿ ಇಂಪೋರ್ಟ್ ಡಾಟ್ ಮೆಟಾ ಡಾಟ್ ಡಿರ್‌ನೇಮ್ ಹಿಡಿದು ಪೂರ್ತಿ ಪಾತ್ ಕಟ್ಟಿಕೊಳ್ಳಿ. ಎರಡನೆಯದು ನೋಡ್ 20.11ರಿಂದ ಸಿಗುತ್ತದೆ.

ಮೂರನೆಯದು ನಮ್ಮ ಕಡೆ ಜಾಸ್ತಿ. ಬಿಲ್ ನಂಬರ್ ಹಿಡಿದು ಫೈಲಿಗೆ ಹೆಸರಿಡುವುದು. ಜಿಎಸ್‌ಟಿ ಇನ್‌ವಾಯ್ಸ್ ನಂಬರ್‌ನಲ್ಲಿ ಸ್ಲ್ಯಾಶ್ ಬಳಸಲು ಅವಕಾಶ ಇದೆ, ಅಂಗಡಿಯವರು '24-25/113' ಅಂತ ಖುಷಿಯಾಗಿ ಬರೆಯುತ್ತಾರೆ. ಅದನ್ನು ಹಾಗೇ ಫೈಲ್ ಹೆಸರು ಮಾಡಿದರೆ ನೋಡ್ '24-25' ಅನ್ನುವ ಫೋಲ್ಡರ್ ಒಳಗೆ '113' ಅನ್ನುವ ಫೈಲ್ ಅಂತ ಓದುತ್ತದೆ. ಅಂಥ ಫೋಲ್ಡರ್ ಇಲ್ಲ, ಇ-ನೋ-ಎಂಟ್. ದಿನಾಂಕ '15/08/2025' ಬರೆದರೂ ಇದೇ ಗತಿ. ಐಎಸ್‌ಒ ಮಾದರಿಯ ಸಮಯ ಹಾಕಿದರೆ ಅದರಲ್ಲಿ ಕೋಲನ್ ಇರುತ್ತದೆ, ಲಿನಕ್ಸ್ ಒಪ್ಪಿದರೂ ವಿಂಡೋಸ್ ಒಪ್ಪುವುದಿಲ್ಲ. ಸ್ಲ್ಯಾಶ್, ಕೋಲನ್ ಎಲ್ಲ ಹೈಫನ್ ಮಾಡಿಬಿಡಿ. ಬಳಕೆದಾರರು ಕಳಿಸಿದ ಹೆಸರನ್ನಂತೂ ಪಾತ್ ಡಾಟ್ ಬೇಸ್‌ನೇಮ್‌ಗೆ ಕೊಡದೆ ಬಳಸಲೇಬೇಡಿ. ಹೆಸರಿನಲ್ಲಿ ಎರಡು ಚುಕ್ಕಿ ಒಂದು ಸ್ಲ್ಯಾಶ್ ಸೇರಿಸಿ ನಿಮ್ಮ ಕಾನ್ಫಿಗ್ ಫೈಲ್ ಮೇಲೆಯೇ ಬರೆಯುವವರಿದ್ದಾರೆ.

ಕನ್ನಡ ಹೆಸರಿನ ಫೈಲ್‌ಗಳದ್ದೇ ಒಂದು ಕಥೆ

ಫೈಲ್ ಕಣ್ಣೆದುರಿಗೇ ಇದೆ, ಹೆಸರೂ ಅದೇ, ಆದರೂ ಇಲ್ಲ ಅನ್ನುತ್ತಿದೆ. ಆಗ ಹೆಸರಿನ ಉದ್ದ ಅಳೆಯಿರಿ, ಲೆಂಗ್ತ್ ಪ್ರಿಂಟ್ ಮಾಡಿ. 'ಕೋಲಾರ' ಅನ್ನುವುದನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. 'ೋ' ಚಿಹ್ನೆ ಒಂದೇ ಅಕ್ಷರವಾಗಿ ಬಂದರೆ ಉದ್ದ 5. ಅದನ್ನೇ ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡು ಮಾಡಿ ಬರೆದಿದ್ದರೆ 7. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಲಿನಕ್ಸ್‌ಗೆ ಮಾತ್ರ ಅವು ಬೇರೆ ಬೇರೆ ಫೈಲ್. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ಜಿಪ್ ಫೈಲನ್ನು ಸರ್ವರ್‌ನಲ್ಲಿ ಬಿಚ್ಚಿದರೆ, ಡಿಸ್ಕ್‌ನಲ್ಲಿ ಒಂದು ರೂಪ, ಡೇಟಾಬೇಸ್‌ನಲ್ಲಿ ಇನ್ನೊಂದು ರೂಪ ಆಗಬಹುದು. ಪರಿಹಾರ ಸುಲಭ. ಹೆಸರು ಒಳಗೆ ಬರುವ ಬಾಗಿಲಲ್ಲೇ ಸ್ಟ್ರಿಂಗ್‌ನ ನಾರ್ಮಲೈಸ್ ಮೆಥಡ್‌ಗೆ ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸಿದ ರೂಪ) ಅಂತ ಕೊಟ್ಟು ಒಂದೇ ರೂಪಕ್ಕೆ ತನ್ನಿ. ಈಗಾಗಲೇ ಡಿಸ್ಕ್‌ನಲ್ಲಿರುವುದಕ್ಕೆ ರೀಡ್‌ಡಿರ್‌ನಿಂದ ಪಟ್ಟಿ ತೆಗೆದು, ಎರಡೂ ಕಡೆ ನಾರ್ಮಲೈಸ್ ಮಾಡಿ ಹೋಲಿಸಿ, ಸಿಕ್ಕ ಅಸಲಿ ಹೆಸರಿನಿಂದಲೇ ರಿನೇಮ್ ಮಾಡಿ.

ನಾರ್ಮಲೈಸ್‌ಗೂ ಸಿಗದ ಒಂದು ಕಳ್ಳ ಇದ್ದಾನೆ. ಅರ್ಧಾಕ್ಷರ ಒತ್ತಾಗಬಾರದು ಅಂತ ನಾವು ಟೈಪ್ ಮಾಡುವ ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯ್ನರ್. 'ಸಾಫ್ಟ್‌ವೇರ್' ಪದದ ನಡುವೆ ಇರುವುದು ಅದೇ. ಪದದ ಕೊನೆಯಲ್ಲಿ ಅದು ಉಳಿದುಕೊಂಡರೆ ಕಣ್ಣಿಗೆ ಕಾಣುವುದೇ ಇಲ್ಲ. ಹೋಲಿಸುವಾಗ ಎರಡೂ ಕಡೆಯಿಂದ ಅದನ್ನು ತೆಗೆದು ಹೋಲಿಸಿ.

ಉದ್ದದ ಮಿತಿಯೂ ಇದೆ. ಇಎಕ್ಸ್‌ಟಿ4 ಡಿಸ್ಕ್‌ನಲ್ಲಿ ಒಂದು ಹೆಸರಿಗೆ 255 ಬೈಟ್. ಇಂಗ್ಲಿಷ್‌ನಲ್ಲಿ ಬರೆದರೆ 255 ಅಕ್ಷರ, ಕನ್ನಡದಲ್ಲಿ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲ ಒಂದೊಂದಕ್ಕೂ 3 ಬೈಟ್, ಅಂದರೆ 85 ಮಾತ್ರ. ಸರ್ಕಾರಿ ಸುತ್ತೋಲೆಯ ವಿಷಯವನ್ನೇ ಫೈಲ್ ಹೆಸರು ಮಾಡಿದರೆ 85 ದಾಟುವುದಕ್ಕೆ ಹೊತ್ತು ಬೇಕಾಗಿಲ್ಲ. ಆಗ ಬರುವ ಕೋಡ್ ಇ-ನೇಮ್-ಟೂ-ಲಾಂಗ್.

ಅಪ್‌ಲೋಡ್ ಆದ ಫೈಲ್ ಹಿಡಿದುಕೊಡುವ ಪ್ಯಾಕೇಜ್ ಮಲ್ಟರ್ 1.4.5 ಎಲ್‌ಟಿಎಸ್ ಬಳಸುವವರಿಗೆ ಇನ್ನೊಂದು ಮಾತು. ಅದರಲ್ಲಿ ಒರಿಜಿನಲ್‌ನೇಮ್, ಅಂದರೆ ಬಳಕೆದಾರರ ಕಡೆ ಫೈಲಿಗಿದ್ದ ಹೆಸರು, ಲ್ಯಾಟಿನ್1 ಲಿಪಿ ಸಂಕೇತ ಅಂತ ಓದಿಕೊಂಡು ಬರುತ್ತದೆ, ಕನ್ನಡ ಹೆಸರು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಬಫರ್ ಡಾಟ್ ಫ್ರಮ್‌ಗೆ ಆ ಹೆಸರು ಮತ್ತು ಲ್ಯಾಟಿನ್1 ಕೊಟ್ಟು, ಟೂಸ್ಟ್ರಿಂಗ್‌ನಲ್ಲಿ ಯುಟಿಎಫ್8 ಅಂದರೆ ಹೆಸರು ವಾಪಸ್ ಬರುತ್ತದೆ. ನನ್ನನ್ನು ಕೇಳಿದರೆ ಡಿಸ್ಕ್‌ನಲ್ಲಿ ಯುಯುಐಡಿ (ಇನ್ನೊಂದಕ್ಕೆ ಹೊಂದದಂತೆ ತಾನೇ ಹುಟ್ಟಿಸುವ ಗುರುತು) ಹೆಸರು ಇಟ್ಟು, ಬಳಕೆದಾರರು ಕೊಟ್ಟ ಚೆಂದದ ಹೆಸರನ್ನು ಡೇಟಾಬೇಸ್‌ನಲ್ಲಿ ಇಡುವುದೇ ನೆಮ್ಮದಿ. ಈ ಅರ್ಧ ಪುಟದ ತಲೆನೋವು ಒಂದೇ ಏಟಿಗೆ ಹೋಗುತ್ತದೆ.

ಹಂತ 3: ಇ-ಎಕ್ಸ್‌ಡೆವ್, ನನ್ನ ಆ ಸಂಜೆಯ ಎರರ್

ಇ, ಎಕ್ಸ್, ಡಿ, ಇ, ವಿ. ಹಾಸನದ ಜಮೀನನ್ನು ತುಮಕೂರಿನ ರಿಜಿಸ್ಟರ್‌ನಲ್ಲಿ ಬರೆಯಿರಿ ಅಂದರೆ ಯಾರು ಬರೆಯುತ್ತಾರೆ? ರಿನೇಮ್ ಒಂದು ಮೌಂಟ್ (ಸಿಸ್ಟಮ್‌ಗೆ ಜೋಡಿಸಿದ ಒಂದು ಡಿಸ್ಕ್ ಅಥವಾ ಫೋಲ್ಡರ್) ಒಳಗೆ ಮಾತ್ರ ಕೆಲಸ ಮಾಡುತ್ತದೆ. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಆಗುವುದಿಲ್ಲ. ಟೆಂಪ್ ಫೋಲ್ಡರ್ ಟಿಎಂಪಿಎಫ್‌ಎಸ್ ಆಗಿದ್ದರೆ ಅದು ಇರುವುದು ಮೆಮೊರಿಯಲ್ಲಿ, ಅಲ್ಲಿಂದ ಡಿಸ್ಕ್‌ಗೂ ಆಗುವುದಿಲ್ಲ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಟೆಂಪ್ ಫೋಲ್ಡರ್ ಹೀಗೆ ಟಿಎಂಪಿಎಫ್‌ಎಸ್ ಆಗಿದೆ. ಆದ್ದರಿಂದ ಡೆಬಿಯನ್ 12ರಲ್ಲಿ ಓಡುತ್ತಿದ್ದ ಅಪ್‌ಲೋಡ್ ಕೋಡ್ ಒಂದು ಸಾಲೂ ಬದಲಾಗದೆ, ಅಪ್‌ಗ್ರೇಡ್ ಆದಮೇಲೆ ನಿಲ್ಲಬಹುದು.

ಆ್ಯಪನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಡಾಕರ್‌ನಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಎರಡು ವಾಲ್ಯೂಮ್ (ಕಂಟೇನರ್‌ಗೆ ಹೊರಗಿನಿಂದ ಜೋಡಿಸಿದ ಜಾಗ) ಹೋಸ್ಟ್‌ನ, ಅಂದರೆ ಡಾಕರ್ ಓಡುವ ಕಂಪ್ಯೂಟರ್‌ನ, ಒಂದೇ ಡಿಸ್ಕ್‌ನಲ್ಲಿದ್ದರೂ ಕಂಟೇನರ್ ಒಳಗೆ ಅವು ಎರಡು ಮೌಂಟ್. ಡಿಸ್ಕ್ ಒಂದೇ ಇದ್ದರೂ ಮೌಂಟ್ ಬೇರೆಯಾದರೆ ಲಿನಕ್ಸ್ ಒಪ್ಪುವುದಿಲ್ಲ. ಸಿಸ್ಟಮ್‌ಡಿಯ ಪ್ರೈವೇಟ್ ಟೆಂಪ್ ಆಯ್ಕೆ ಆನ್ ಇದ್ದರೂ ಹೀಗೇ. ಅನುಮಾನ ಇದ್ದರೆ ಡಿಎಫ್ ಕಮಾಂಡ್‌ಗೆ ಎರಡೂ ಪಾತ್ ಕೊಡಿ. ಕೊನೆಯ ಕಾಲಮ್‌ನಲ್ಲಿ ಮೌಂಟ್ ಹೆಸರು ಬೇರೆ ಬೇರೆ ಬಂದರೆ ಇದೇ ಕಾರಣ.

'ಆದರೆ ಟರ್ಮಿನಲ್‌ನಲ್ಲಿ ಎಂವಿ ಕಮಾಂಡ್ ಹೊಡೆದರೆ ಹೋಗುತ್ತಲ್ಲ!' ಹೌದು, ನಾನೂ ಹಾಗೇ ಕೂಗಾಡಿದ್ದೆ. ಎಂವಿ ಮೊದಲು ರಿನೇಮ್ ಮಾಡಿ ನೋಡುತ್ತದೆ, ಇ-ಎಕ್ಸ್‌ಡೆವ್ ಬಂದರೆ ನಮಗೆ ಹೇಳದೆ ಕಾಪಿ ಮಾಡಿ ಹಳೆಯದನ್ನು ಅಳಿಸುತ್ತದೆ. ನೋಡ್ ಆ ಉಪಕಾರ ಮಾಡುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ದಾರಿ ಅಂದರೆ ಫೈಲ್ ಮೊದಲು ಬಂದು ಬೀಳುವ ಜಾಗವನ್ನೇ ಬದಲಾಯಿಸುವುದು. ಮಲ್ಟರ್‌ನಲ್ಲಿ ಡೆಸ್ಟ್, ಅಂಥದ್ದೇ ಇನ್ನೊಂದು ಪ್ಯಾಕೇಜ್ ಫಾರ್ಮಿಡಬಲ್‌ನಲ್ಲಿ ಅಪ್‌ಲೋಡ್‌ಡಿರ್ ಆಯ್ಕೆ ಇದೆ. ಅಪ್‌ಲೋಡ್ಸ್ ಇರುವ ಅದೇ ವಾಲ್ಯೂಮ್ ಒಳಗೆ 'ಇನ್‌ಕಮಿಂಗ್' ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿಗೆ ತೋರಿಸಿ. ಕಾಪಿಯೂ ಬೇಡ, ಎರರೂ ಇಲ್ಲ. ಅಂದಹಾಗೆ ಫಾರ್ಮಿಡಬಲ್‌ನ ಹಳೆಯ ಪಾಠಗಳಲ್ಲಿ ಫೈಲಿನ ಜಾಗಕ್ಕೆ 'ಪಾತ್' ಅಂತ ಇರುತ್ತದೆ, ಆವೃತ್ತಿ 2ರಿಂದ ಅದು 'ಫೈಲ್‌ಪಾತ್'. ರಿನೇಮ್‌ಗೆ ಅನ್‌ಡಿಫೈನ್ಡ್ ಹೋಗಿ 'ಓಲ್ಡ್‌ಪಾತ್ ಆರ್ಗ್ಯುಮೆಂಟ್' ಬಗ್ಗೆ ಟೈಪ್ ಎರರ್ ಬಂದರೆ ಕಾರಣ ಅದೇ ಇರಬಹುದು.

ಜಾಗ ಬದಲಾಯಿಸಲು ಆಗುವುದೇ ಇಲ್ಲ ಅಂದರೆ ಎಂವಿ ಮಾಡುವುದನ್ನೇ ನೀವು ಮಾಡಬೇಕು, ಆದರೆ ಕ್ರಮ ತಪ್ಪಬಾರದು. ಮೊದಲು ರಿನೇಮ್ ಪ್ರಯತ್ನಿಸಿ. ಕೋಡ್ ಇ-ಎಕ್ಸ್‌ಡೆವ್ ಆಗಿದ್ದರೆ ಮಾತ್ರ ಮುಂದೆ ಹೋಗಿ, ಬೇರೆ ಏನೇ ಇದ್ದರೂ ಎರರನ್ನು ಮೇಲಕ್ಕೆ ಎಸೆಯಿರಿ. ಕಾಪಿಫೈಲ್ ಬಳಸಿ ಗುರಿ ಫೋಲ್ಡರ್ ಒಳಗೇ ಒಂದು ತಾತ್ಕಾಲಿಕ ಹೆಸರಿಗೆ ನಕಲು ಮಾಡಿ, ಕೊನೆಯಲ್ಲಿ 'ಡಾಟ್ ಪಾರ್ಟ್' ಸೇರಿಸಿದರೆ ಸಾಕು. ನಕಲು ಮುಗಿದ ಮೇಲೆ ಅದನ್ನು ಅಸಲಿ ಹೆಸರಿಗೆ ರಿನೇಮ್ ಮಾಡಿ, ಈಗ ಎರಡೂ ಒಂದೇ ಮೌಂಟ್‌ನಲ್ಲಿವೆ. ಕಟ್ಟಕಡೆಗೆ ಮೂಲ ಫೈಲನ್ನು ಅನ್‌ಲಿಂಕ್ ಮಾಡಿ, ಅಂದರೆ ಅಳಿಸಿ. ತಾತ್ಕಾಲಿಕ ಹೆಸರು ಯಾಕೆ ಅಂದರೆ, ನೇರವಾಗಿ ಅಸಲಿ ಹೆಸರಿಗೆ ಕಾಪಿ ಮಾಡುವಾಗ ನಡುವೆ ಡಿಸ್ಕ್ ತುಂಬಿದರೆ ಅಥವಾ ಪ್ರೊಸೆಸ್ ಸತ್ತರೆ ಅರ್ಧ ಪಿಡಿಎಫ್ ಅಸಲಿ ಹೆಸರಿನಲ್ಲಿ ಕೂತಿರುತ್ತದೆ, ಅದನ್ನು ಪೂರ್ತಿ ಅಂದುಕೊಂಡು ಇನ್ನೊಬ್ಬರು ಡೌನ್‌ಲೋಡ್ ಮಾಡುತ್ತಾರೆ. ಇಷ್ಟೆಲ್ಲ ಬರೆಯುವ ಮನಸ್ಸಿಲ್ಲದಿದ್ದರೆ ಎಫ್‌ಎಸ್-ಎಕ್ಸ್‌ಟ್ರಾ ಪ್ಯಾಕೇಜಿನ ಮೂವ್ ಇದೆ, ಅದು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ ಅಳಿಸುತ್ತದೆ.

ಹಂತ 4: ಪರ್ಮಿಷನ್ ಎರರ್ ಬಂದರೆ ಫೋಲ್ಡರ್ ನೋಡಿ

ಇ-ಆಕ್ಸೆಸ್ ಬಂದ ಕೂಡಲೇ ಫೈಲಿಗೆ ಪರ್ಮಿಷನ್ ಬದಲಾಯಿಸುವ ಸಿಎಚ್‌ಮಾಡ್ ಹೊಡೆಯುತ್ತಾ ಕೂರಬೇಡಿ. ಬದಲಾಗುವುದು ರಿಜಿಸ್ಟರ್, ಜಮೀನಲ್ಲ. ಮೂಲ ಫೋಲ್ಡರ್, ಗುರಿ ಫೋಲ್ಡರ್ ಎರಡರ ಮೇಲೂ ನಿಮ್ಮ ಪ್ರೊಸೆಸ್‌ಗೆ ಬರೆಯುವ ಮತ್ತು ಒಳಹೋಗುವ ಹಕ್ಕು ಇರಬೇಕು. ಅವು ಇದ್ದರೆ, ಓದಲು ಮಾತ್ರ ಅಂತಿರುವ ಫೈಲನ್ನೂ ಲಿನಕ್ಸ್‌ನಲ್ಲಿ ರಿನೇಮ್ ಮಾಡಬಹುದು. ಪ್ರೊಸೆಸ್ ಯಾರ ಹೆಸರಲ್ಲಿ ಓಡುತ್ತಿದೆ ನೋಡಿಕೊಳ್ಳಿ. ಡಾಕರ್‌ನ ನೋಡ್ ಇಮೇಜ್‌ನಲ್ಲಿ 'ನೋಡ್' ಬಳಕೆದಾರನ ಯುಐಡಿ (ಬಳಕೆದಾರ ಸಂಖ್ಯೆ) 1000. ವಾಲ್ಯೂಮ್ ಫೋಲ್ಡರ್ ರೂಟ್ ಹೆಸರಿನಲ್ಲಿದ್ದರೆ ಸಾಮಾನ್ಯವಾಗಿ ಅವನಿಗೆ ಅಲ್ಲಿ ಬರೆಯುವ ಹಕ್ಕು ಇಲ್ಲ. ಸಿಎಚ್‌ಓನ್ ಮಾಡಿ ಒಡೆತನ ಬದಲಾಯಿಸಿ, 777 ಬೇಡ.

ಟೆಂಪ್ ಫೋಲ್ಡರ್‌ನಲ್ಲಿ ಎಲ್ಲರೂ ಬರೆಯಬಹುದು, ಆದರೆ ಸ್ಟಿಕಿ ಬಿಟ್ ಇರುವುದರಿಂದ ಇನ್ನೊಬ್ಬರ ಫೈಲನ್ನು ಕದಲಿಸಲು ಆಗುವುದಿಲ್ಲ. ಅಲ್ಲಿ ಇ-ಪರ್ಮ್ (ಈ ಕೆಲಸಕ್ಕೆ ಅನುಮತಿ ಇಲ್ಲ ಅನ್ನುವ ಕೋಡ್) ಬಂದರೆ ಫೈಲಿನ ಒಡೆಯ ಯಾರು ನೋಡಿ.

ಹಂತ 5: ವಿಂಡೋಸ್‌ನಲ್ಲಿ ಒಮ್ಮೆ ಆಗುತ್ತೆ, ಒಮ್ಮೆ ಆಗಲ್ಲ

ಹತ್ತು ಸಲದಲ್ಲಿ ಒಂದು ಸಲ ಇ-ಪರ್ಮ್ ಅಥವಾ ಇ-ಬಿಸಿ (ಫೈಲ್ ಬಳಕೆಯಲ್ಲಿದೆ ಅನ್ನುವ ಕೋಡ್) ಬಂದರೆ ನಿಮ್ಮ ಕೋಡ್ ಮೇಲೆ ಅನುಮಾನ ಪಡುವ ಮುಂಚೆ, ಆ ಫೈಲನ್ನು ಬೇರೆ ಯಾರು ಹಿಡಿದುಕೊಂಡಿದ್ದಾರೆ ನೋಡಿ. ಆ್ಯಂಟಿವೈರಸ್ ಹೊಸ ಫೈಲ್ ಕಂಡ ಕೂಡಲೇ ತೆರೆದು ಮೂಸಿ ನೋಡುತ್ತದೆ. ಎಕ್ಸೆಲ್‌ನಲ್ಲಿ ಯಾರೋ ತೆರೆದಿಟ್ಟು ಊಟಕ್ಕೆ ಹೋಗಿರುತ್ತಾರೆ. ಫೋಲ್ಡರ್ ರಿನೇಮ್ ಆದರೆ ಇನ್ನೂ ಕಷ್ಟ. ಒಳಗಿನ ಒಂದೇ ಒಂದು ಫೈಲ್ ತೆರೆದಿದ್ದರೂ, ಟರ್ಮಿನಲ್ ಆ ಫೋಲ್ಡರ್‌ನಲ್ಲಿ ನಿಂತಿದ್ದರೂ, ವಾಚ್ ಮೋಡ್‌ನಲ್ಲಿರುವ ಡೆವ್ ಸರ್ವರ್ ಅದನ್ನು ಕಾಯುತ್ತಿದ್ದರೂ ಆಗಲ್ಲ ಅನ್ನುತ್ತದೆ. ನಿಮ್ಮದೇ ಸ್ಟ್ರೀಮ್ ಇದ್ದರೆ ಅದರ ಕ್ಲೋಸ್ ಇವೆಂಟ್ ಬರುವ ತನಕ ಕಾಯಿರಿ.

ಆ್ಯಂಟಿವೈರಸ್ ವಿಷಯಕ್ಕೆ ಮರುಪ್ರಯತ್ನವೇ ಮದ್ದು. 100 ಮಿಲಿಸೆಕೆಂಡ್ ಕಾದು ಮತ್ತೆ, ಆಮೇಲೆ 200, 400, ಹೀಗೆ ಐದಾರು ಸಲ. ಗ್ರೇಸ್‌ಫುಲ್-ಎಫ್‌ಎಸ್ ಪ್ಯಾಕೇಜ್ ವಿಂಡೋಸ್‌ನಲ್ಲಿ 60 ಸೆಕೆಂಡ್ ತನಕ ಹೀಗೆ ಪ್ರಯತ್ನಿಸುತ್ತದೆ. ಲಿನಕ್ಸ್‌ನಲ್ಲಿ ಇದೇ ಲೂಪ್ ಹಾಕಬೇಡಿ, ಅಲ್ಲಿ ಪರ್ಮಿಷನ್ ಇಲ್ಲ ಅಂದರೆ ನೂರು ಸಲ ಕೇಳಿದರೂ ಇಲ್ಲ. ಲಿನಕ್ಸ್‌ನಲ್ಲಿ ಇ-ಬಿಸಿ ಬಂದರೆ ಡಾಕರ್‌ನಲ್ಲಿ ಒಂದೇ ಫೈಲನ್ನು ಮೌಂಟ್ ಮಾಡಿ ಅದರ ಮೇಲೆ ರಿನೇಮ್ ಮಾಡುತ್ತಿದ್ದೀರಾ ನೋಡಿ. ಫೈಲ್ ಬದಲು ಅದರ ಫೋಲ್ಡರ್ ಮೌಂಟ್ ಮಾಡಿದರೆ ಸರಿಹೋಗುತ್ತದೆ.

ಎರರ್ ಬರದೆ ಆಗುವ ಅನಾಹುತ

ನನಗೆ ಜಾಸ್ತಿ ಭಯ ಇದರದ್ದು. ಗುರಿ ಜಾಗದಲ್ಲಿ ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ರಿನೇಮ್ ಒಂದು ಮಾತೂ ಕೇಳದೆ ಅದರ ಮೇಲೆ ಕೂತುಬಿಡುತ್ತದೆ. ಇಬ್ಬರು 'ಬಿಲ್ ಡಾಟ್ ಪಿಡಿಎಫ್' ಕಳಿಸಿದರೆ ಮೊದಲನೆಯವರದ್ದು ಹೋಯಿತು. ಎಕ್ಸಿಸ್ಟ್ಸ್‌ಸಿಂಕ್‌ನಿಂದ ನೋಡಿ ಆಮೇಲೆ ರಿನೇಮ್ ಮಾಡ್ತೀನಿ ಅಂದರೆ, ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ರಿಕ್ವೆಸ್ಟ್ ನುಸುಳಬಹುದು. ಒಂದೇ ಡಿಸ್ಕ್ ಆದರೆ ಎಫ್‌ಎಸ್ ಡಾಟ್ ಲಿಂಕ್ ಮಾಡಿ (ಅದೇ ಫೈಲಿಗೆ ಇನ್ನೊಂದು ಹೆಸರು ಕೊಡುವುದು), ಆಮೇಲೆ ಹಳೆಯ ಹೆಸರನ್ನು ಅನ್‌ಲಿಂಕ್ ಮಾಡಿ. ಹೆಸರು ಮೊದಲೇ ಇದ್ದರೆ ಲಿಂಕ್ ಇ-ಎಕ್ಸಿಸ್ಟ್ ಎಸೆಯುತ್ತದೆ. ಬೇರೆ ಡಿಸ್ಕ್ ಆದರೆ 'ಡಾಟ್ ಪಾರ್ಟ್'ಗೆ ಕಾಪಿ ಆದಮೇಲೆ, ಕೊನೆಯ ರಿನೇಮ್ ಬದಲಿಗೆ ಇದೇ ಲಿಂಕ್ ಉಪಾಯ ಹಾಕಿ.

ಫೋಲ್ಡರ್‌ಗಳ ವಿಷಯದಲ್ಲಿ ಇಷ್ಟು ಅಪಾಯ ಇಲ್ಲ. ಲಿನಕ್ಸ್‌ನಲ್ಲಿ ತುಂಬಿದ ಫೋಲ್ಡರ್ ಮೇಲೆ ಇನ್ನೊಂದು ಫೋಲ್ಡರನ್ನು ರಿನೇಮ್ ಮಾಡಿದರೆ ಇ-ನಾಟ್-ಎಂಪ್ಟಿ, ಫೈಲನ್ನು ಫೋಲ್ಡರ್ ಹೆಸರಿಗೆ ರಿನೇಮ್ ಮಾಡಿದರೆ ಇ-ಈಸ್-ಡಿರ್. ಎರಡನೆಯದರಲ್ಲಿ ಸಾಮಾನ್ಯವಾಗಿ ನೀವು ಗುರಿಯ ಕೊನೆಗೆ ಫೈಲ್ ಹೆಸರು ಸೇರಿಸುವುದನ್ನು ಮರೆತಿರುತ್ತೀರಿ. ಎಂವಿ ಕಮಾಂಡ್‌ಗೆ ಫೋಲ್ಡರ್ ಹೆಸರು ಸಾಕು, ರಿನೇಮ್‌ಗೆ ಪೂರ್ತಿ ಹೆಸರು ಬೇಕು.

ಇಷ್ಟೆಲ್ಲ ಸರಿಮಾಡಿದ ಮೇಲೆ ಇ-ಎಕ್ಸ್‌ಡೆವ್‌ಗೆ ಅಂತ ಬರೆದ ಕೋಡ್ ನಿಜಕ್ಕೂ ಓಡುತ್ತಾ ಅಂತ ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೇ ನೋಡಬಹುದು. 'ಡೆವ್' ಫೋಲ್ಡರ್ ಒಳಗೆ 'ಎಸ್‌ಎಚ್‌ಎಂ' ಅಂತ ಒಂದಿದೆ, ಅದು ಸಾಮಾನ್ಯವಾಗಿ ಟಿಎಂಪಿಎಫ್‌ಎಸ್. ಟೆಸ್ಟ್‌ನಲ್ಲಿ ಅಲ್ಲೊಂದು ಫೈಲ್ ಬರೆದು ನಿಮ್ಮ ಹೋಮ್ ಫೋಲ್ಡರ್‌ಗೆ ಸಾಗಿಸಿ. ಹೆಸರು ಮಾತ್ರ 'ಕೋಲಾರ' ಅಂತಲೇ ಇಡಿ.